ವಿಯಂಗ್ ಸಾಯ್‌ನ ಬರಿಪೀಠ

ಸಯಾಮ ದೇಶದ ಉತ್ತರದಲ್ಲಿ, ತೇಗದ ಕಾಡುಗಳಿಂದ ಇಳಿದು ಬರುವ ನದಿಯ ತಿರುವಿನಲ್ಲಿ, ವಿಯಂಗ್ ಸಾಯ್ ಪಟ್ಟಣವು ಇನ್ನೂ ಮರದ ಕೋಟೆಯೊಳಗೆ ಇದ್ದ ಕಾಲಕ್ಕೆ, ಇನ್‌ಪನ್ ಎಂಬುವನು ಚಿನ್ನದ ರೇಕು ಬಡಿದು ಬದುಕುತ್ತಿದ್ದನು. ಉಸಿರು ತಾಗಿದರೂ ಹಾರುವಂಥ ಆ ರೇಕನ್ನು ವಿಹಾರದ ಬುದ್ಧನ ಮೈಗೆ ಅಂಟಿಸುವುದೇ ಊರವರ ಸೇವೆ.

ಅವನ ಹೆಂಡತಿ ಬುವಾಖಮ್ ಸಾಯುವಾಗ ಕಿವಿಯ ಚಿನ್ನದ ಓಲೆಗಳನ್ನು ಬಿಚ್ಚಿಕೊಟ್ಟು, “ಸ್ವಾಮಿಯ ಎದೆಗೆ ಹಚ್ಚಿ” ಎಂದಷ್ಟೇ ಹೇಳಿದ್ದಳು. ಇನ್‌ಪನ್ ಅವನ್ನು ಏಳು ದಿನ ಬಡಿದು ರೇಕು ಮಾಡಿದನು. ಎಂಟನೆಯ ಬೆಳಗ್ಗೆ ರೇಕುಗಳನ್ನು ಹಿಡಿದು ವಿಹಾರಕ್ಕೆ ಹೋದರೆ ಕಲ್ಲಿನ ಪೀಠ ಬರಿದಾಗಿತ್ತು. ರಾಜಧಾನಿಯ ದಂಡನಾಯಕನು ಅರಮನೆಯ ಸಂಗ್ರಹಶಾಲೆಗೆಂದು ಬುದ್ಧನನ್ನು ಇಳಿಸಿ, ಹುಲ್ಲು ಸುತ್ತಿಸಿ, ದೋಣಿಕಟ್ಟೆಗೆ ಸಾಗಿಸಿದ್ದನು.

ಇನ್‌ಪನ್ ಅಲ್ಲಿಗೆ ಓಡಿದನು. “ಒಡೆಯಾ, ಹುಲ್ಲು ಸ್ವಲ್ಪ ಸರಿಸಿ. ಎದೆಯ ಹತ್ತಿರ ಅಂಗೈಯಗಲ ಸಾಕು.”

“ಇನ್ನು ಮೇಲೆ ಅದು ನೋಡುವ ವಸ್ತು, ಮುಟ್ಟುವ ವಸ್ತುವಲ್ಲ” ಎಂದನು ದಂಡನಾಯಕ.

ಪಕ್ಕದಲ್ಲಿದ್ದ ವಿಹಾರದ ಹಿರಿಯ ಭಿಕ್ಷು ಮೆಲ್ಲಗೆ, “ಕೋಪ ಬೇಡ, ಇನ್‌ಪನ್. ಕೋಪ ಬಿಡಿ ಎಂದೇ ಬುದ್ಧನು ಹೇಳಿದ್ದು” ಎಂದರು.

“ತನ್ನನ್ನೇ ಬಿಟ್ಟುಕೊಡಿ ಎಂದೂ ಹೇಳಿದ್ದನೇ, ಗುರುಗಳೇ? ನಿಮಗೆ ಒಂದಿಷ್ಟು ಕೋಪ ಬಂದಿದ್ದರೆ ಅವನು ಇನ್ನೂ ಅಲ್ಲೇ ಕೂತಿರುತ್ತಿದ್ದ.”

ಭಿಕ್ಷು ತಲೆ ತಗ್ಗಿಸಿದರು. ಇನ್‌ಪನ್ ವಿಹಾರಕ್ಕೆ ಮರಳಿ, ಹಲ್ಲು ಕಚ್ಚಿಕೊಂಡು, ಬರಿದಾದ ಪೀಠಕ್ಕೇ ರೇಕು ಅಂಟಿಸತೊಡಗಿದನು.

ಮೀನು ಮಾರುವ ಸಾಯ್‌ಪಿನ್ ಬುಟ್ಟಿ ಹೊತ್ತು ಬಾಗಿಲಲ್ಲಿ ನಿಂತಳು. “ಏನು ಮಾವ, ಕಲ್ಲಿಗೆ ಸಿಂಗಾರವೇ? ಅರಗು ಬಳಿಯದೆ ಚಿನ್ನ ನಿಂತೀತೇ? ಗಾಳಿಗೆ ಹಾರಿ ನನ್ನ ಮೀನಿಗೆ ಹತ್ತಿದರೆ ಬೆಲೆ ಏರಿಸಿಬಿಡುತ್ತೇನೆ.”

“ಏರಿಸು. ಅರಮನೆಯವರಿಗೇ ಮಾರು” ಎಂದನು, ತಿರುಗಿ ನೋಡದೆ.

ಗಾಳಿ ಬೀಸಿತು. ಒಂದು ರೇಕೂ ಅಲುಗಲಿಲ್ಲ. ಸಾಯ್‌ಪಿನ್ ಬುಟ್ಟಿ ಕೆಳಗಿಟ್ಟಳು.

ಬರಿಪೀಠದ ಪೂಜೆಯೆಂದರೆ ಅರಸನಿಗೆ ಅವಮಾನವೆಂದು ದಂಡನಾಯಕನು ಅದನ್ನು ಕೆರೆಯಲು ಆಳುಗಳನ್ನು ಅಟ್ಟಿ, ತಾನೂ ಬಂದು ನಿಂತನು. ಅವರ ಕತ್ತಿಗಳ ಅಲುಗು ಎಲೆಯಂತೆ ಮಡಚಿಕೊಂಡಿತು. ಆಗ ಪೀಠದ ಅಡಿಯಿಂದ ಭೂದೇವಿಯು ನುಡಿದಳು: “ಬೋಧಿಯ ಕೆಳಗೆ ಬುದ್ಧನ ಆಸನ ತನ್ನದೆಂದು ಮಾರನು ಬಂದಾಗ ಸಾಕ್ಷಿ ಹೇಳಿದವಳು ನಾನು. ಈ ಆಸನಕ್ಕೂ ನಾನೇ ಸಾಕ್ಷಿ. ಮೂರ್ತಿಯನ್ನು ಒಯ್ಯಬಲ್ಲಿರಿ, ಅವನು ಕೂತ ಜಾಗವನ್ನು ಒಯ್ಯಲಾರಿರಿ. ಬುವಾಖಮ್‌ಳ ಓಲೆ ನನಗೆ ಸಂದಿತು.”

ಆದರೂ ದೋಣಿ ಹೊರಟೇಹೋಯಿತು. ಇನ್‌ಪನ್‌ನ ಕೋಪ ಆ ದಿನ ಇಳಿಯಲಿಲ್ಲ. ಇಳಿಯಿತೆನ್ನುವವರು ಅವನನ್ನು ಅರಿಯದವರು.

ಎಷ್ಟೋ ತಲೆಮಾರುಗಳ ಮೇಲೆ ಮೂರ್ತಿಯು ಊರಿಗೆ ಮರಳಿತು, ವಿಹಾರಕ್ಕಲ್ಲ, ಎದುರು ರಸ್ತೆಯ ವಸ್ತುಸಂಗ್ರಹಾಲಯಕ್ಕೆ. ಅಲ್ಲಿ ಗಾಜಿನಾಚೆಯ ಬುದ್ಧನಿಗೆ ಕೈಮುಗಿದ ಯಾತ್ರಿಕರು ರಸ್ತೆ ದಾಟಿ ಬಂದು ಬರಿಪೀಠಕ್ಕೆ ರೇಕು ಅಂಟಿಸುತ್ತಾರೆ. ಚಿನ್ನವು ಈಗ ಬೆರಳಷ್ಟು ದಪ್ಪವಾಗಿದೆ. ಬೇರೆ ಕ್ಷೇತ್ರಗಳಲ್ಲಿ ಮನಸ್ಸನ್ನು ಶಾಂತಗೊಳಿಸಿಕೊಂಡು ಒಳಗೆ ಬರಬೇಕು. ಇಲ್ಲಿ ಮೊದಲು ತನಗಾದ ಅನ್ಯಾಯವನ್ನು ಗಟ್ಟಿಯಾಗಿ ಹೇಳಬೇಕು. ಅದು ಮುಗಿಯುವವರೆಗೆ ಭಿಕ್ಷುಗಳು ಹೊಸ್ತಿಲ ಹೊರಗೆ ನಿಂತಿರುತ್ತಾರೆ. ಈ ಒಂದು ಸ್ಥಳದಲ್ಲಿ ಸಮಾಧಾನ ಹೇಳುವ ಅಧಿಕಾರ ಅವರಿಗಿಲ್ಲ.