ಬೋರಲಿಂಗ ಕತೆ ಕಟ್ಟೋದು ಕಲಿತದ್ದು

ಕೇಳ್ರಪ್ಪಾ, ಹೂಂಗುಟ್ಟೋರು ಹೂಂಗುಟ್ಟಿ, ನಿದ್ದೆ ಬಂದೋರು ಗೋಡೆಗೆ ಒರಗಿ. ದೊಡ್ಡತಾಯಮ್ಮನಿಗೆ ಒಬ್ಬನೇ ಮಗ, ಬೋರಲಿಂಗ. ಆಳು ಎತ್ತರ, ಅಕ್ಷರ ದುಂಡಗೆ, ತಲೆ ಮಾತ್ರ ಖಾಲಿ. ಅವನಿಗೆ ಸೋದರಮಾವನ ಮಗಳು ಪುಟ್ಟಗೌರಿ ಅಂದರೆ ಪ್ರಾಣ. ಮಾವನೋ, "ಕೆಲಸ ಇಲ್ಲದೋನಿಗೆ ಹೆಣ್ಣು ಕೊಡಲ್ಲ ಕಣಕ್ಕಾ!" ಅಂದುಬಿಟ್ಟ.

ತಾಯಿ ಹಣೆಹಣೆ ಚಚ್ಚಿಕೊಂಡಳು. "ಉಳೋಕೆ ಬರಲ್ಲ, ತೂಗೋಕೆ ಬರಲ್ಲ, ಬರೆಯೋಕಾದರೂ ಬರುತ್ತಲ್ಲ! ಪಟ್ಟಣಕ್ಕೆ ಹೋಗಿ ಕತೆ ಕಟ್ಟೋದು ಕಲಿ. ದೊಡ್ಡೋರು ಹೇಳಿದ್ದನ್ನ ಚಾಚೂ ತಪ್ಪದೆ ಮಾಡು!"

"ಚಾಚೂ ತಪ್ಪಲ್ಲಮ್ಮ!" ಅಂದ. ಹೊರಟ.

ಮೊದಲು ರೇಡಿಯೋದವರ ಹತ್ತಿರ ಹೋದ. ಮೈಕಿನ ಮುಂದೆ ಕೂರಿಸಿದರು. "ಒಬ್ಬ ರಾಜ ಇದ್ದ, ಇಷ್ಟು ದಪ್ಪ!" ಅಂತ ಕೈ ಅಗಲಿಸಿದ. "ಅವನ ಮೀಸೆ ಹೀಗೆ!" ಅಂತ ಬೆರಳು ತಿರುವಿದ. ರಾಣಿ ಅತ್ತದ್ದನ್ನು ಬರೀ ಮುಖದಲ್ಲೇ ತೋರಿಸಿದ. ರೇಡಿಯೋ ಗಪ್‌ಚುಪ್.

"ಅಯ್ಯೋ ಪೆದ್ದೇ! ಕೇಳೋರಿಗೆ ನಿನ್ನ ಮುಖ ಕಾಣುತ್ತೇನೋ? ಎಲ್ಲಾನೂ ಸದ್ದಲ್ಲಿ ಹೇಳು, ಸದ್ದಲ್ಲಿ!"

"ಹೌದಾ! ಇನ್ನು ಮೇಲೆ ಹಾಗೇ ಮಾಡ್ತೀನಿ ಸ್ವಾಮಿ!"

ಆಮೇಲೆ ಪತ್ರಿಕೆಯವರ ಹತ್ತಿರ ಹೋದ. "ಸಂತೇಲಿ ಎತ್ತು ಬೆದರಿ ಓಡಿದೆಯಂತೆ, ನೋಡ್ಕೊಂಡು ಬರೆದು ತಾ" ಅಂದರು. ಬರೆದು ತಂದ: "ಅಂಬಾ! ದಡಬಡ ದಡಬಡ! ಅಯ್ಯಯ್ಯಪ್ಪೋ! ಧಡಾರ್! ಫಳ್! ಅಂಬಾ!"

ಸಂಪಾದಕರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿ ಕಿರುಚಿದರು. "ಕೊನೆಗೆ ಏನಾಯ್ತೋ? ಅದನ್ನ ಮೊದಲನೇ ಸಾಲಲ್ಲೇ ಹೇಳಬೇಕು ಕಣೋ, ಮೊದಲನೇ ಸಾಲಲ್ಲೇ!"

"ಹೌದಾ! ಇನ್ನು ಮೇಲೆ ಹಾಗೇ ಮಾಡ್ತೀನಿ ಸ್ವಾಮಿ!"

ಆಮೇಲೆ ನಾಟಕ ಕಂಪನಿಗೆ ಹೋದ. ನಾಟಕ ಬರೆದುಕೊಟ್ಟ. ಪರದೆ ಎದ್ದಿತು. ನಾಯಕ ಬಂದು ಕೈಮುಗಿದ. "ಮಹಾಜನಗಳೇ, ಕೊನೇ ಅಂಕದಲ್ಲಿ ನಾನು ಸಾಯ್ತೀನಿ. ವಿಷ ಹಾಕೋಳು ನಮ್ಮತ್ತಿಗೆ. ಅಗೋ, ಅಲ್ಲಿ ನಿಂತಿದ್ದಾಳಲ್ಲ, ಅವಳೇ!" ಜನ ಎದ್ದು, ಪಂಚೆ ಕೊಡವಿಕೊಂಡು ಮನೆಗೆ ಹೋದರು.

ಮಾಲೀಕ ಹಾಕಿಕೊಂಡಿದ್ದ ಗಡ್ಡ ಕಿತ್ತು ಎಸೆದ. "ಕೊನೆಗೆ ಏನಾಗುತ್ತೆ ಅಂತ ಬಾಯಿ ಬಿಡಬಾರದು ಕಣೋ! ಪ್ರಾಣ ಹೋದರೂ ಬಿಡಬಾರದು!"

ಆಮೇಲೆ ಟಿವಿ ಧಾರಾವಾಹಿಯವರ ಹತ್ತಿರ ಹೋದ. ನಿರ್ಮಾಪಕರು ಅರ್ಧ ಕತೆ ಕೇಳಿ, "ಮುಂದೆ?" ಅಂದರು.

"ಹೇಳಲ್ಲ!"

"ದುಡ್ಡು ಹಾಕೋನು ನಾನು ಕಣಯ್ಯಾ!"

"ಪ್ರಾಣ ಹೋದರೂ ಹೇಳಲ್ಲ!"

"ನನ್ನ ಹತ್ತಿರ ಹೇಳಬೇಕೋ ಮಂಕೇ! ಜನಕ್ಕಾದರೆ, ಇನ್ನೇನು ಆಗೇಬಿಡ್ತು ಅನ್ನೋ ಹೊತ್ತಿಗೆ ಗಕ್ಕನೆ ನಿಲ್ಲಿಸು. 'ಉಳಿದದ್ದು ನಾಳೆ' ಅನ್ನು. ಇದೊಂದು ಕಲಿತು ಬಾ, ಕೆಲಸ ಕೊಡ್ತೀನಿ."

ಪಾಪ, ಬೋರಲಿಂಗನ ತಲೆ ಗಿರ್ರೆಂದಿತು. ಒಬ್ಬರು ಮೊದಲೇ ಹೇಳು ಅಂತಾರೆ, ಒಬ್ಬರು ಹೇಳಲೇಬೇಡ ಅಂತಾರೆ, ಒಬ್ಬರು ನಾಳೆ ಹೇಳು ಅಂತಾರೆ! ಕಡೆಯಲ್ಲಿ ಹೇಳಿದ್ದೇ ಸರಿ ಇರಬೇಕು ಅಂದುಕೊಂಡು, "ಉಳಿದದ್ದು ನಾಳೆ, ಉಳಿದದ್ದು ನಾಳೆ" ಅಂತ ಬಾಯಿಪಾಠ ಮಾಡುತ್ತ ಊರಿಗೆ ಬಂದ.

ಕೆಲಸ ಸಿಗುತ್ತಂತೆ ಅಂದದ್ದೇ ತಡ, ಮಾವ ಒಪ್ಪಿದ. ಚಪ್ಪರ ಎದ್ದಿತು. ಪುಟ್ಟಗೌರಿ ತಲೆ ತಗ್ಗಿಸಿ ಕೂತಳು. "ಗಟ್ಟಿಮೇಳ! ಗಟ್ಟಿಮೇಳ!" ಅಂದರು ಪುರೋಹಿತರು. ಡೋಲು ಮೊಳಗಿತು. ಬೋರಲಿಂಗ ತಾಳಿ ಹಿಡಿದು ಒಂದು ಗಂಟು ಹಾಕಿದ. ಎರಡನೇ ಗಂಟು ಹಾಕಿದ. ಜನವೆಲ್ಲ ಅಕ್ಷತೆ ಹಿಡಿದು ತುದಿಗಾಲಲ್ಲಿ ನಿಂತರು. ಇನ್ನೇನು ಆಗೇಬಿಡ್ತು!

ಬೋರಲಿಂಗ ಕೈ ಬಿಟ್ಟ. ಜನರ ಕಡೆ ತಿರುಗಿದ. "ಉಳಿದದ್ದು ನಾಳೆ!"

"ಅಯ್ಯೋ ನನ್ನ ಕರ್ಮವೇ! ಇನ್ನೊಂದು ಗಂಟು ಹಾಕೋ ಮಗನೇ!" ತಾಯಿ ಅತ್ತೇಬಿಟ್ಟಳು.

"ಈಗಲೇ ಮುಗಿಸಿದರೆ ಎಲ್ಲರೂ ಎದ್ದು ಹೋಗ್ತಾರಮ್ಮ!"

ಮಾವ ಹಲ್ಲು ಕಡಿದ. ಡೋಲಿನವನು ನಿಲ್ಲಿಸಬೇಕೋ ಬೇಡವೋ ತಿಳಿಯದೆ ಬಡಿಯುತ್ತಲೇ ಇದ್ದ. ಪುಟ್ಟಗೌರಿ ಮಾತ್ರ ತಾಳಿದಾರ ಜಾರದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು, "ನಾಳೆ ಎಷ್ಟೊತ್ತಿಗೆ ಬಾವಾ?" ಅಂದಳು.

ಅದನ್ನು ಬೋರಲಿಂಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಿರ್ಮಾಪಕರನ್ನೇ ಕೇಳಿಕೊಂಡು ಬರುತ್ತೇನೆ ಅಂತ ಬಾಸಿಂಗ ಕಟ್ಟಿಕೊಂಡೇ ಪಟ್ಟಣದ ದಾರಿ ಹಿಡಿದ.

ಚಪ್ಪರದಿಂದ ಒಬ್ಬರೂ ಎದ್ದು ಹೋಗಲಿಲ್ಲ. ಅವನ ಕತೆಗೆ ಅಷ್ಟು ಜನ ಕಾದು ಕೂತದ್ದು ಅದೇ ಮೊದಲು.