ಒಂಟಿಸೊಲ್ಲಿನ ದಿನ್ನೆ

ಕಡ್ಲಿಹಾಳದ ಅಗಸೆ ಬಾಗಿಲು ದಾಟಿ ಹಳ್ಳದ ದಾರಿ ಹಿಡಿದರೆ, ಎರಡು ಹೊಲ ಕಳೆಯುವಷ್ಟರಲ್ಲಿ ಎಡಗಡೆಗೆ ಒಂದು ದಿನ್ನೆ ಕಾಣುತ್ತದೆ. ಗುಡ್ಡ ಎನ್ನಲು ಅದಕ್ಕೆ ಎತ್ತರ ಸಾಲದು, ಆದರೆ ಸುತ್ತಲಿನ ಎರೆಹೊಲಗಳ ಸಪಾಟಿನಲ್ಲಿ ಅದೇ ನಮಗೆ ದೊಡ್ಡದು. ನೆತ್ತಿಯ ಮೇಲೆ ಹಳೆಯ ಕಾವಲು ಬುರುಜು, ನಮ್ಮ ಕಡೆ ಹುಡೇವು ಎನ್ನುವುದು, ಕುಸಿದು ಒಂದೇ ಗೋಡೆ ಉಳಿದಿದೆ. ಗೋಡೆಯ ಮುಂದೆ ಹಾಸುಬಂಡೆ, ಬಂಡೆಯ ನಡುವೆ ಗೂಟವಿಲ್ಲದ ಬೀಸುಕಲ್ಲು. ಯಾವುದೋ ಇಲಾಖೆಯವರು ಬಂದು 'ಪ್ರಾಚೀನ ಬೀಸುಕಲ್ಲು' ಎಂದು ಬೋರ್ಡು ನೆಟ್ಟು ಹೋದ ಮೇಲೆ ಮೋಟಾರು ಸೈಕಲ್ಲಿನ ಹುಡುಗರು ಬರುತ್ತಾರೆ, ಕಲ್ಲಿನ ಪಕ್ಕ ಕೂತು ಫೋಟೋ ಹೊಡೆಸಿಕೊಳ್ಳುತ್ತಾರೆ, ಹೋಗುತ್ತಾರೆ. ಬೀಸುಕಲ್ಲು ನೋಡಲು ದಿನ್ನೆ ಯಾಕೆ ಹತ್ತಬೇಕು, ಅವರವರ ಅಜ್ಜಿಯ ಹಿತ್ತಲಿನಲ್ಲೇ ಮಗುಚಿಕೊಂಡು ಬಿದ್ದಿರುತ್ತದೆ. ಇಲ್ಲಿ ನೋಡಬೇಕಾದದ್ದು ಕಲ್ಲನ್ನಲ್ಲ, ಕಲ್ಲಿನ ಎರಡು ಮಗ್ಗುಲನ್ನು. ಮೂಡಣ ಮಗ್ಗುಲಲ್ಲಿ ಬಂಡೆ ಸವೆದು, ಒಬ್ಬರು ಕೂರುವಷ್ಟು ತಗ್ಗಾಗಿ, ಅಂಗೈಯಿಟ್ಟರೆ ಜಾರುವಷ್ಟು ನುಣುಪಾಗಿದೆ. ಪಡುವಣ ಮಗ್ಗುಲು ಇಂದಿಗೂ ಒರಟು. ಈ ದಿನ್ನೆಗೆ ಒಂಟಿಸೊಲ್ಲಿನ ದಿನ್ನೆ ಎಂಬ ಹೆಸರು ಬಂದದ್ದು ಆ ಒರಟು ಮಗ್ಗುಲಿನಿಂದ.

ಹಿಂದೆ ಒಮ್ಮೆ, ಈ ಸೀಮೆ ದೇಸಾಯರ ಆಳಿಕೆಯಲ್ಲಿದ್ದ ಕಾಲಕ್ಕೆ, ಕಡ್ಲಿಹಾಳದಲ್ಲಿ ಬಂಡವ್ವ ಎಂಬ ಗಟ್ಟಿಗಿತ್ತಿ ವಿಧವೆ ಇದ್ದಳಂತೆ. ಅವಳಿಗೆ ಸಾತವ್ವ ಎಂಬ ಒಬ್ಬಳೇ ಮಗಳು. ಬಂಡವ್ವನಿಗೆ ಮುದಕಪ್ಪ ಎಂಬ ತಮ್ಮನೂ ಇದ್ದ. ಹೆತ್ತವಳು ಸತ್ತಾಗ ಅವನಿಗೆ ಮೂರು ವರ್ಷ, ಬಂಡವ್ವನಿಗೆ ಹನ್ನೆರಡು. ಅಂದಿನಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದರಿಂದ ಅವನು ತಮ್ಮನಿಗಿಂತ ಹೆಚ್ಚಾಗಿ ಮೊದಲ ಮಗನಂತೆಯೇ ಆಗಿದ್ದ. ಮಗಳು ಮೈನೆರೆದಾಗ ಬೇರೆ ವರ ನೋಡುವ ಮಾತೇ ಏಳಲಿಲ್ಲ. ತಮ್ಮನಿಗೇ ಕೊಟ್ಟು ಹಳ್ಳದಾಚೆಯ ತುಂಬಿನಾಳಕ್ಕೆ ಕಳಿಸಿದಳು. ಮಗಳನ್ನು ಯಾರೂ ಕೇಳಲಿಲ್ಲ. ಕೇಳುವ ರೂಢಿ ಆಗ ಇರಲಿಲ್ಲ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಅದು ನನಗೆ ಸಮಾಧಾನದ ಮಾತಾಗಿ ಕಂಡಿಲ್ಲ.

ನಾಲ್ಕು ವರ್ಷದ ಮೇಲೆ ಸಾತವ್ವ ಮುರಿದ ಎಡಗೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತವರಿನ ಬಾಗಿಲಿಗೆ ಬಂದು ನಿಂತಳು. ಕೈ ಮುರಿದವನು ಮುದಕಪ್ಪನೇ. ಬಂಡವ್ವ ಕೈಗೆ ಎಣ್ಣೆ ಹಚ್ಚಿದಳು, ಅರಿಶಿನ ಕಟ್ಟಿದಳು. ಕಟ್ಟುತ್ತಲೇ, ಗಂಡನ ಮನೆ ಎಂದ ಮೇಲೆ ಇಷ್ಟು ಇದ್ದದ್ದೇ, ವಾಸಿಯಾದ ಮೇಲೆ ಹೋಗು ಎಂದಳು. ಸಾತವ್ವ ಹೋಗಲಿಲ್ಲ. ಆದರೆ ಆ ಗಳಿಗೆಯಿಂದ ತಾಯಿಯೊಂದಿಗೆ ಮಾತು ಬಿಟ್ಟಳು. ಒಂದೇ ಒಲೆ, ಒಂದೇ ಹಾಸಿಗೆ, ಮೂರು ವರ್ಷ ಒಂದು ಮಾತಿಲ್ಲ. ಕೈ ಕೂಡಿತು, ಸೊಟ್ಟಗೆ ಕೂಡಿತು.

ಆದರೂ ಇಬ್ಬರ ನಡುವೆ ಒಂದು ಎಳೆ ಉಳಿದಿತ್ತು. ಆ ಕಾಲದಲ್ಲಿ ಕೋಳಿ ಕೂಗಿದ ಕೂಡಲೇ ಮನೆಮನೆಯಲ್ಲೂ ಬೀಸುವ ಸಪ್ಪಳ ಏಳುತ್ತಿತ್ತು. ಇಬ್ಬರು ಹೆಂಗಸರು ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರುಬದುರು ಕೂತು, ಒಂದೇ ಗೂಟ ಹಿಡಿದು, ಹಾಡುತ್ತಾ ಹೊತ್ತು ಮೂಡುವ ತನಕ ಬೀಸಬೇಕು. ಒಬ್ಬಳು ಪದ ಹೇಳಿದರೆ ಇನ್ನೊಬ್ಬಳು ಅದರ ಕಡೆಯ ಸಾಲನ್ನು ಎತ್ತಿ ಹಾಡುತ್ತಾಳೆ. ಅದಕ್ಕೆ ಸೊಲ್ಲು ಹಿಡಿಯುವುದು ಎನ್ನುತ್ತಾರೆ. ತಾಯಿಗೆ ಒಂದು ಮಾತೂ ಆಡದ ಸಾತವ್ವ ಈ ಸೊಲ್ಲನ್ನು ಮಾತ್ರ ಒಂದು ದಿನವೂ ತಪ್ಪಿಸಿರಲಿಲ್ಲ. ಪಕ್ಕದ ಮನೆಯವರಿಗೆ ಗೋಡೆಯ ಆಚೆಯಿಂದ ಎರಡು ದನಿ ಕೇಳಿದರೆ ಅವ್ವ ಮಗಳು ಚೆನ್ನಾಗಿಯೇ ಇದ್ದಾರೆ ಎನಿಸುತ್ತಿತ್ತು. ಬಂಡವ್ವನೂ ಹಾಗೆಯೇ ನಂಬಿಕೊಂಡು ದಿನ ದೂಡುತ್ತಿದ್ದಳು.

ಒಂದು ಸಂಜೆ ಮುದಕಪ್ಪ ಹೆಂಡತಿಯನ್ನು ಕರೆದೊಯ್ಯಲು ಬಂದ. ಬಾಗಿಲಲ್ಲಿ ದೊಡ್ಡ ರಂಪವೇ ಆಯಿತು. ನಿನ್ನ ಹೆಣ ಬಿದ್ದರೂ ನಾನು ಬರುವುದಿಲ್ಲ ಎಂದು ಸಾತವ್ವ ಓಣಿಯೆಲ್ಲ ಕೇಳುವಂತೆ ಹೇಳಿದಳು. ಬಂಡವ್ವ ತಮ್ಮನ ಪಕ್ಕ ನಿಂತು, ಅಷ್ಟೂ ಜನರ ಎದುರು ಮಗಳಿಗೆ, ನಡೆ, ಇವನ ಹಿಂದೆ ಹೋಗು ಎಂದಳು. ಸಾತವ್ವ ತಾಯಿಯ ಮುಖವನ್ನು ಒಮ್ಮೆ ನೋಡಿ ಒಳಗೆ ಹೋದಳು. ಮುದಕಪ್ಪ ಅಂದು ಹಣಮಪ್ಪನ ಗುಡಿಯ ಕಟ್ಟೆಯಲ್ಲಿ ಮಲಗಿ, ಕೋಳಿ ಕೂಗಿದಾಗ ಎದ್ದು ತನ್ನೂರ ದಾರಿ ಹಿಡಿದ. ಹೊತ್ತು ಮೂಡುವಾಗ ನೀರಿಗೆ ಹೋದವರು ಹಳ್ಳದ ದಂಡೆಯಲ್ಲಿ ಅವನನ್ನು ಕಂಡರು. ತಲೆ ಕಲ್ಲೇಟಿಗೆ ಒಡೆದಿತ್ತು, ಮೈ ಇನ್ನೂ ಬೆಚ್ಚಗಿತ್ತು.

ಸುತ್ತಲ ಹನ್ನೆರಡು ಊರಿನ ನ್ಯಾಯ ನೋಡುತ್ತಿದ್ದವನು ನಾಡಗೌಡ ರಾಚನಗೌಡ. ಕೆಟ್ಟವನಲ್ಲ, ಕೇಳಿದ್ದನ್ನು ಕೇಳಿದ ಹಾಗೆಯೇ ತೂಗುವ ಮನುಷ್ಯ. ಅವನ ವಿಚಾರಣೆ ಸರಳವಾಗಿತ್ತು. ಕೊಲೆ ಆದದ್ದು ಕೋಳಿ ಕೂಗಿದ ಮೇಲೆ, ಹೊತ್ತು ಮೂಡುವ ಮುಂಚೆ. ನಿನ್ನ ಹೆಣ ಬಿದ್ದರೂ ಬರುವುದಿಲ್ಲ ಎಂದವಳು ಸಾತವ್ವ. ಆ ಹೊತ್ತಿನಲ್ಲಿ ಅವಳು ಎಲ್ಲಿದ್ದಳು? ಪಕ್ಕದ ಮನೆಯ ಮಲಕವ್ವನನ್ನು ಕರೆಸಿ ಕೇಳಿದಾಗ, ದಿನವೂ ಎರಡು ದನಿ ಕೇಳುತ್ತಿತ್ತು, ಅಂದು ಮಾತ್ರ ಬಂಡವ್ವನ ಒಂದೇ ದನಿ ಕೇಳಿತು ಎಂದಳು. ಆಚೆ ಬದಿಯ ಮನೆಯ ಮುದುಕಿಯೂ ಅದನ್ನೇ ಹೇಳಿದಳು. ಸಾತವ್ವ, ಬೀಸುತ್ತಿದ್ದೆ, ಉಳಿದದ್ದನ್ನು ನಮ್ಮವ್ವನನ್ನು ಕೇಳಿ ಎಂದಳು. ಗೌಡ ಬಂಡವ್ವನ ಕಡೆ ತಿರುಗಿದ.

"ನಾ ಹಾಡಿದ್ನಿರಿ, ಗೌಡ್ರ," ಎಂದಳಂತೆ ಬಂಡವ್ವ. "ನನ್ನ ಹಾಡಿಗಿ ಸೊಲ್ಲು ಯಾರೂ ಹಿಡೀಲಿಲ್ಲ."

ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಸೊಲ್ಲು ಹಿಡಿಯದಿದ್ದದ್ದು ಹಿಂದಿನ ಸಂಜೆಯ ಮಾತಿಗೆ ಮಗಳು ಕೊಟ್ಟ ಉತ್ತರ. ಅಂದು ಬೆಳಗಿನ ಜಾವ ಸಾತವ್ವ ಎಂದಿನಂತೆ ಎದುರು ಬಂದು ಕೂತಳು, ಗೂಟ ಹಿಡಿದಳು, ಬೀಸಿದಳು, ಸೊಲ್ಲು ಮಾತ್ರ ಹಿಡಿಯಲಿಲ್ಲ. ಬಂಡವ್ವ ಒಂದೊಂದು ಪದಕ್ಕೂ ಕಾದು, ಕಾದು, ಮುಂದಿನ ಪದಕ್ಕೆ ಹೋಗಿದ್ದಳು. ಎದೆಯಲ್ಲಿ ಆ ಉರಿ ಆರುವ ಮುಂಚೆಯೇ ತಮ್ಮನ ಹೆಣದ ಸುದ್ದಿ ಬಂತು. ಹೆಣದ ಮುಂದೆ ಅವಳು ನೆಲಕ್ಕೆ ಬಿದ್ದು ಹೊರಳುತ್ತಿದ್ದರೆ ಮಗಳು ಬಂದು ನಿಂತು, ನೋಡಿ, ಕಣ್ಣು ಒದ್ದೆ ಮಾಡದೆ ತಿರುಗಿ ಹೋದಳು. ಹೇಳಬೇಕಾದ ಇನ್ನೊಂದು ಮಾತು, ಮಗಳು ನನ್ನ ಎದುರೇ ಇದ್ದಳು ಎಂಬ ಮಾತು, ಬಂಡವ್ವನ ಹಲ್ಲಿನ ಒಳಗೇ ಉಳಿಯಿತು. ಸೊಲ್ಲು ಯಾಕೆ ಬರಲಿಲ್ಲ ಎಂದು ಊರ ಮುಂದೆ ಹೇಳುವುದಕ್ಕೂ ಅವಳ ಬಿಗುಮಾನ ಒಪ್ಪಲಿಲ್ಲ. ಸಾತವ್ವ ತಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಅವಳನ್ನು ಕೇಳಿದವರಿಗೆ ಅವಳು ಒಂದು ಮಾತೂ ಹೇಳಲಿಲ್ಲ. ಅವಳನ್ನು ದಿನ್ನೆಯ ಹುಡೇವಿನಲ್ಲಿ ಕೂಡಿಹಾಕಿ ಕಾವಲಿಟ್ಟರು. ಎಂಟನೆಯ ದಿನ ದೇಸಾಯರ ಕೋಟೆಗೆ ಸಾಗಿಸುವುದೆಂದು ಆಯಿತು. ಅಲ್ಲಿ ಕೊಲೆಗೆ ಕೊಲೆಯೇ ಶಿಕ್ಷೆ.

ಮರುದಿನ ಬಂಡವ್ವ ಒಬ್ಬಳೇ ಬೀಸಲು ಕೂತಳು. ಕಲ್ಲು ಅರ್ಧ ಸುತ್ತು ಬಂದು ನಿಂತಿತು. ಮೈಬಲ ಹಾಕಿ ಎಳೆದರೆ ಇನ್ನರ್ಧ ಸುತ್ತು ಬಂದು ಮತ್ತೆ ನಿಂತಿತು. ಹೊತ್ತು ಮೂಡಿದರೂ ಬುಟ್ಟಿಯ ಜೋಳ ಕಾಲು ಭಾಗವೂ ಬೀಸಿ ಆಗಿರಲಿಲ್ಲ. ಎರಡನೆಯ ದಿನವೂ ಹಾಗೆಯೇ ಆಯಿತು, ಮೂರನೆಯ ದಿನವೂ. ತನ್ನ ಕಡೆಯ ಹಿಟ್ಟನ್ನು ಅವಳು ಗುಡಿಸಿಕೊಳ್ಳುತ್ತಿದ್ದಳು. ಎದುರಿನ ಕಡೆ ಸುರಿದ ಹಿಟ್ಟನ್ನು ಬಳಿಯುವ ಕೈ ಇಲ್ಲದೆ ಅದು ಅಲ್ಲಿಯೇ ಗುಡ್ಡೆ ಬಿದ್ದಿತ್ತು. ನಾಲ್ಕನೆಯ ದಿನ ಆ ಗುಡ್ಡೆಯನ್ನು ನೋಡುತ್ತಾ ಕೂತವಳಿಗೆ ಹೊಳೆಯಿತು. ಬಾಯಿ ಮುಚ್ಚಿಕೊಂಡ ಆ ಬೆಳಿಗ್ಗೆಯೂ ಮಗಳು ಕಲ್ಲಿನ ಅರ್ಧ ಭಾರ ಎಳೆದಿದ್ದಳು, ಅದೂ ತನ್ನ ತಮ್ಮ ಮುರಿದ ಕೈಯಿಂದ. ಮೂರು ವರ್ಷ ದಿನ ಬೆಳಗಾದರೆ ಆ ಸೊಟ್ಟ ಕೈ ತನ್ನ ಕೈಯ ಪಕ್ಕದಲ್ಲೇ ಗೂಟದ ಮೇಲೆ ಇತ್ತು. ತಾನು ಅದನ್ನು ನೋಡಿರಲಿಲ್ಲ. ಬಂಡವ್ವ ಹಿಟ್ಟಿನ ಕೈಯಲ್ಲೇ ಎದ್ದು ಗೌಡನ ಚಾವಡಿಗೆ ಓಡಿದಳು.

ಗೌಡ ನಂಬಲಿಲ್ಲ. ಅಂದು ಒಂದು ಹೇಳಿದೆ, ಇಂದು ಒಂದು ಹೇಳುತ್ತಿದ್ದೀಯೆ, ಹೆತ್ತ ಕರುಳು ಯಾವ ಸುಳ್ಳನ್ನಾದರೂ ಹೇಳಿಸುತ್ತದೆ ಎಂದ. ಅವನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಸತ್ಯ ಹೇಳಬೇಕಾದ ದಿನ ಅದನ್ನು ಅರ್ಧ ಹೇಳಿದವಳ ಮಾತಿಗೆ ಬೆಲೆ ಎಲ್ಲಿಂದ ಬರಬೇಕು? ಬಂಡವ್ವ ಅವನ ಕಟ್ಟೆಯ ಮೇಲೆ ಹಿಟ್ಟಿನ ಕೈ ಊರಿದಳು.

"ನನ್ನ ನಂಬಬ್ಯಾಡ್ರಿ," ಎಂದಳು. "ಕಲ್ಲ ನಂಬ್ರಿ. ಮಲಕವ್ವ ಅವತ್ತ ಬರೇ ದನಿ ಎಣಿಸ್ಯಾಳ, ಕಲ್ಲಿನ ಸಪ್ಪಳಕ್ಕ ಕಿವಿ ಕೊಟ್ಟಿಲ್ಲ. ಆಕಿಗಿ ಇನ್ನೊಮ್ಮಿ ಕೇಳಸ್ರಿ."

ಜೀವಮಾನದಲ್ಲಿ ಗೂಟ ಹಿಡಿಯದ ಗೌಡನಿಗೆ ಇದು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಹೋದ ಮೇಲೆ ಅವನು ಮೀನ ಮೇಷ ಎಣಿಸಲಿಲ್ಲ, ಅಷ್ಟನ್ನು ಒಪ್ಪಬೇಕು. ಬಂಡವ್ವನ ಬೀಸುಕಲ್ಲನ್ನೇ ಬಂಡಿಯಲ್ಲಿ ತರಿಸಿ ದಿನ್ನೆಯ ಹಾಸುಬಂಡೆಯ ಮೇಲೆ ಇಡಿಸಿದ. ಮಲಕವ್ವನನ್ನೂ ಆ ಮುದುಕಿಯನ್ನೂ ಹುಡೇವಿನ ಗೋಡೆಯ ಹಿಂದೆ, ಏನೂ ಕಾಣದಂತೆ ನಿಲ್ಲಿಸಿದ. ಇಂದು ಉಳಿದಿರುವುದು ಅದೇ ಗೋಡೆ. ಬಂಡವ್ವ ಎರಡು ಸಲ ಬೀಸಬೇಕು, ಒಮ್ಮೆ ಒಬ್ಬಳೇ, ಒಮ್ಮೆ ಮಗಳೊಂದಿಗೆ. ಎರಡು ಸಲವೂ ಹಾಡುವವಳು ಬಂಡವ್ವ ಮಾತ್ರ. ಕೊಲೆಯಾದ ಬೆಳಿಗ್ಗೆ ಕೇಳಿದ್ದು ಯಾವುದು ಎಂದು ಗೋಡೆಯ ಹಿಂದಿನವರು ಹೇಳಬೇಕು. ಸಾತವ್ವ ಬಾಯಿ ಬಿಟ್ಟು ಒಂದು ಸೊಲ್ಲು ಹಿಡಿದರೂ ಅದು ಅಂದಿನ ಸಪ್ಪಳವಾಗುವುದಿಲ್ಲ, ಪರೀಕ್ಷೆ ಕೆಟ್ಟಿತೆಂದು ತಿಳಿದು ಅವಳನ್ನು ಕೋಟೆಗೆ ಕಳಿಸುತ್ತೇನೆ ಎಂದು ಗೌಡ ಎಲ್ಲರ ಮುಂದೆ ಹೇಳಿದ.

ಮೊದಲ ಸಲ ಬಂಡವ್ವ ಒಬ್ಬಳೇ ಬೀಸಿದಳು. ಕಲ್ಲು ತಡೆತಡೆದು ತಿರುಗಿತು. ಆಮೇಲೆ ಸಾತವ್ವನನ್ನು ಕರೆತಂದು ಪಡುವಣ ಮಗ್ಗುಲಿಗೆ ಕೂರಿಸಿದರು. ಮೊಣಕಾಲಿಗೆ ಮೊಣಕಾಲು ತಾಗಿತು. ಕಲ್ಲು ತಿರುಗಿತು. ಬಂಡವ್ವ ಅಂದಿನ ಪದವನ್ನೇ ಹಿಡಿದವಳು ಎರಡು ಸುತ್ತಿಗೆ ಅದನ್ನು ಬಿಟ್ಟು, ಯಾರೂ ಕೇಳಿರದ ಪದ ಹಾಡಿದಳು ಎನ್ನುತ್ತಾರೆ.

ಬೀಸುವ ಕಲ್ಲೀಗಿ ಎದುರಾಗಿ ಕುಂತವಳ
ಮೋಸಾತ ನನ್ನ ಕೈಯಾಗ | ನನ ಮಗಳ
ಸೋಸಿ ನೋಡದಲೆ ಕೊಟ್ಟೇನ

ಹಾಡಿ, ಸೊಲ್ಲಿಗೆಂದು ಎಂದಿನಂತೆ ಕಾದಳು. ಕಾಯಬಾರದೆಂದು ಅವಳಿಗೆ ಗೊತ್ತಿತ್ತು, ಆದರೆ ಬೀಸುವ ಹೆಂಗಸಿಗೆ ಪದ ಮುಗಿದ ಮೇಲೆ ಕಾಯದೆ ಇರಲು ಬರುವುದಿಲ್ಲ. ಮೂರು ವರ್ಷದ ಹಿಂದೆಯೇ ಕೇಳಬೇಕಾಗಿದ್ದ ಕ್ಷಮೆಯನ್ನು ತಾಯಿ ಕೇಳಿದ್ದಳು, ಅದೂ ಮಗಳು ಉತ್ತರ ಕೊಟ್ಟರೆ ಜೀವ ಹೋಗುವ ಗಳಿಗೆಯಲ್ಲಿ. ಸಾತವ್ವ ತುಟಿ ಕಚ್ಚಿ ಬೀಸಿದಳು. ಕಣ್ಣೀರು ಹಿಟ್ಟಿಗೆ ಬೀಳುವುದನ್ನು ಗೌಡ ಕಂಡ. ಸೊಲ್ಲು ಬರಲಿಲ್ಲ.

ಗೋಡೆಯ ಹಿಂದಿನಿಂದ ಮಲಕವ್ವ ಅಳುತ್ತಾ ಬಂದಳು.

"ಅವತ್ತಿನ ಸಪ್ಪಳ ಇದ ಐತ್ರಿ, ಗೌಡ್ರ," ಎಂದಳು. "ಸುತ್ತಿಗೊಮ್ಮಿ ಕಲ್ಲು ತುಸು ಎಡವತೈತಿ. ಅದು ಸಾತವ್ವನ ಸೊಟ್ಟ ಕೈ. ಮೂರು ವರ್ಷ ಕೇಳೇನಿ, ಅವತ್ತೂ ಕೇಳೇನಿ. ಹಾಡಿನ ಮ್ಯಾಲ ಕಿವಿ ಇಟ್ಟು ಕಲ್ಲ ಮರ್ತ್ನಿರಿ."

ಮುದುಕಿಯೂ ಹೌದೆಂದಳು. ಮುದಕಪ್ಪ ಮುರಿದ ಕೈಯೇ ಅವನ ಕೊಲೆಯ ಆರೋಪದಿಂದ ಅವಳನ್ನು ಬಿಡಿಸಿತು. ನಿಜವಾಗಿ ಕೊಂದವನು ತುಂಬಿನಾಳದಲ್ಲಿ ಅವನೊಂದಿಗೆ ಬದುವಿನ ಜಗಳ ಹೂಡಿದ್ದ ಪಕ್ಕದ ಹೊಲದವನೆಂದು ಮುಂದಿನ ಸುಗ್ಗಿಯಲ್ಲಿ ಗೊತ್ತಾಯಿತಂತೆ. ಸತ್ತವನ ಬೆಳ್ಳಿಯ ಉಡದಾರ ಅವನ ಸೊಂಟದಲ್ಲಿ ಸಿಕ್ಕಿತು. ಅವನ ಹೆಸರನ್ನು ನಮ್ಮೂರು ನೆನಪಿಟ್ಟಿಲ್ಲ.

ಗೌಡ, ನಿನ್ನ ಮೇಲೆ ತಪ್ಪಿಲ್ಲ, ಇನ್ನು ನೀನು ಮಾತಾಡಬಹುದು ಎಂದು ಸಾತವ್ವನಿಗೆ ಹೇಳಿದ. ಬಂಡವ್ವ ಗೂಟ ಬಿಟ್ಟಿರಲಿಲ್ಲ. ಅದೇ ಪದವನ್ನು ಇನ್ನೊಮ್ಮೆ ಹಾಡಿ, ಮಗಳ ಮುಖ ನೋಡುತ್ತಾ ನಿಲ್ಲಿಸಿದಳು. ಸಾತವ್ವ ತನ್ನ ಕಡೆಯ ಹಿಟ್ಟನ್ನು ಎಂದಿನಂತೆ ಬಳಿದು ಬುಟ್ಟಿಗೆ ಹಾಕಿದಳು. ಕೈ ಕೊಡವಿಕೊಂಡು ಎದ್ದಳು. ದಿನ್ನೆಯ ಆಚೆ ಇಳಿದು, ಊರಿಗೂ ಹೋಗದೆ, ತುಂಬಿನಾಳಕ್ಕೂ ಹೋಗದೆ, ಹಳ್ಳದ ದಂಡೆಯುದ್ದಕ್ಕೂ ನಡೆದು ಕಣ್ಮರೆಯಾದಳು. ಒಂದು ಗಳಿಗೆ ತಡೆದಿದ್ದರೆ ಹಾಡುತ್ತಿದ್ದಳು ಎನ್ನುವವರಿದ್ದಾರೆ. ನನ್ನನ್ನು ಕೇಳಿದರೆ, ಅವಳು ತನ್ನ ಕಡೆಯ ಕೆಲಸ ಪೂರೈಸಿ ಹೋದಳು, ಇನ್ನು ಕೊಡಲು ಅವಳ ಹತ್ತಿರ ಏನೂ ಉಳಿದಿರಲಿಲ್ಲ.

ಬಂಡವ್ವ ಕಲ್ಲನ್ನು ಕೆಳಗಿಳಿಸಲು ಬಿಡಲಿಲ್ಲ. ಮಗಳು ಬಂದರೆ ಇದೇ ದಾರಿಯಲ್ಲಿ ಬರಬೇಕು ಎಂದಳು. ಇದ್ದಷ್ಟು ವರ್ಷ ದಿನವೂ ಜೋಳದ ಬುಟ್ಟಿ ಹೊತ್ತು ದಿನ್ನೆ ಹತ್ತಿ, ಮೂಡಣ ಮಗ್ಗುಲಿಗೆ ಕೂತು ಒಬ್ಬಳೇ ಬೀಸಿದಳು, ಪದ ಮುಗಿದಾಗಲೆಲ್ಲ ಕಾದಳು. ಹೊಲಕ್ಕೆ ಹೋಗುವವರು ಕೆಳಗಿನಿಂದ ಆ ಒಂದು ದನಿಯನ್ನು ಕೇಳಿಯೇ ದಿನ್ನೆಗೆ ಈ ಹೆಸರಿಟ್ಟರು. ಸಾತವ್ವ ಬರಲಿಲ್ಲ.

ಈಗ ಕಡ್ಲಿಹಾಳದಲ್ಲಿ ಹಿಟ್ಟಿನ ಗಿರಣಿ ಇದೆ, ಬೀಸುವ ಪದ ಬರುವವರು ಹತ್ತು ಮಂದಿಯೂ ಉಳಿದಿಲ್ಲ. ಆದರೂ ಶ್ರಾವಣದ ಕಡೆಯ ಸೋಮವಾರ ನಮ್ಮೂರ ಹೆಂಗಸರು ಹೆಣ್ಣುಮಕ್ಕಳನ್ನು ಕರೆದುಕೊಂಡು ದಿನ್ನೆ ಹತ್ತುತ್ತಾರೆ. ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಹಾಕಿ ಬಂಡವ್ವನ ಪದ ಹಾಡುತ್ತಾರೆ. ಬೇರೆ ಯಾವ ಪದಕ್ಕಾದರೂ ನಾಲ್ಕು ಜನ ಸೊಲ್ಲು ಹಿಡಿಯುತ್ತಾರೆ, ಈ ಪದಕ್ಕೆ ಮಾತ್ರ ಯಾರೂ ಹಿಡಿಯುವುದಿಲ್ಲ. ಒಂದು ಸಾಲು ಹಾಡುವಷ್ಟು ಹೊತ್ತು ಎಲ್ಲರೂ ಸುಮ್ಮನೆ ನಿಲ್ಲುತ್ತಾರೆ. ಆ ಹೊತ್ತಿನಲ್ಲಿ ತಾಯಂದಿರು ಮಗಳ ಮುಖ ನೋಡುವುದನ್ನೂ, ನೋಡಲಾರದೆ ಹಳ್ಳದ ಕಡೆ ತಿರುಗುವುದನ್ನೂ ನಾನು ಕಂಡಿದ್ದೇನೆ. ಆಮೇಲೆ ಸೆರಗು ಸರಿಮಾಡಿಕೊಂಡು ಕೆಳಗಿಳಿಯುತ್ತಾರೆ. ಮೂಡಣದ ನುಣುಪು ತಗ್ಗಿನಲ್ಲಿ ಮಳೆಯ ನೀರು ನಿಂತಿರುತ್ತದೆ, ಪಡುವಣ ಮಗ್ಗುಲಿನಲ್ಲಿ ನಿಲ್ಲುವುದಿಲ್ಲ.