ಜ್ವರದ ಬಿಲ್ಲೆ

“ಗುರುಗಳೇ, ಬಲ್ಲವರು ಒಂದೊಂದು ಆಜ್ಞೆ ತುಂಬಿ ಮಾಡಿಕೊಟ್ಟ ಬಿಲ್ಲೆಗಳನ್ನು ಪರದೆಯ ಮೇಲೆ ಜೋಡಿಸಿದರೆ ಯಂತ್ರ ನಡೆಯುತ್ತದೆ. ಅಷ್ಟಕ್ಕೆ ತೃಪ್ತರಾಗುವುದು ವಿನಯ. ಕೋಡ್ ಎಡಿಟರ್ ತೆರೆದು ನನ್ನದೂ ನಾಲ್ಕು ಸಾಲು ಸೇರಿಸುತ್ತೇನೆ ಅನ್ನುವುದು ಅಹಂಕಾರವಲ್ಲವೇ?” ಎಂದು ಮರಿಬಸವ ಕೇಳಿದ.

ಗುರು ಅಡವೀಶಯ್ಯನವರು ನಕ್ಕರು. “ಭಲೇ! ಸೋಮಾರಿತನಕ್ಕೆ ಚೆಂದದ ಹೆಸರಿಟ್ಟೆ. ಕೇಳು,” ಎಂದು ಹೇಳತೊಡಗಿದರು.

ಒಬ್ಬ ಹೆಂಗಸು ರೇಷ್ಮೆಹುಳು ಸಾಕುತ್ತಿದ್ದಳು. ಒಬ್ಬ ವ್ಯಾಪಾರಿ ಅವಳ ಹುಳುಮನೆಗೆ ಯಂತ್ರ ಕೂರಿಸಿದ. ಅದರ ಪರದೆಯಲ್ಲಿ ಬಣ್ಣದ ಬಿಲ್ಲೆಗಳಿದ್ದವು. ‘ಸೆಕೆಯಾದರೆ’ ಎಂಬ ಬಿಲ್ಲೆಗೆ ‘ನೀರು ಚಿಮುಕಿಸು’, ಅದಕ್ಕೆ ‘ಫ್ಯಾನು ತಿರುಗಿಸು’. ಬೆರಳಿನಿಂದ ಎಳೆದು ಕೂಡಿಸಿದರೆ ಸಾಕು, ಯಂತ್ರ ಹಾಗೇ ನಡೆಯುತ್ತಿತ್ತು. ಅವಳಿಗೂ ಹಿಗ್ಗು.

ಹುಳುಗಳು ಜ್ವರಕ್ಕೆ ಕೂತವು. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂರುತ್ತದೆ. ಸಾಕುವವರು ಅದನ್ನೇ ಜ್ವರ ಅನ್ನುತ್ತಾರೆ. ಆಗ ಹಾಸು ಒಣಗಿರಬೇಕು, ಗಾಳಿಯಾಡಬೇಕು. ಯಂತ್ರಕ್ಕೇನು ಗೊತ್ತು ಹುಳುವಿನ ಸಂಕಟ? ಸೆಕೆಯಾಯಿತು, ನೀರು ಚಿಮುಕಿಸಿತು. ಫ್ಯಾನಿನ ಬಿಲ್ಲೆ ನೀರಿನ ಬಿಲ್ಲೆಗೆ ಮಾತ್ರ ಕೂಡುತ್ತಿತ್ತು; ನೀರು ನಿಲ್ಲಿಸೋಣವೆಂದರೆ ಫ್ಯಾನೂ ನಿಲ್ಲುತ್ತದೆ. ಒಂದು ತಟ್ಟೆಯ ಹುಳುಗಳೆಲ್ಲ ಕೊಳೆತು ಸತ್ತವು. ಮುಂದಿನ ಜ್ವರಕ್ಕೆ ಮೂರೇ ದಿನ ಉಳಿದಿತ್ತು. ಅವಳು ವ್ಯಾಪಾರಿಯನ್ನು ಕರೆಸಿ ಜ್ವರಕ್ಕೊಂದು ಬಿಲ್ಲೆ ಕೇಳಿದಳು.

“ಬಿಲ್ಲೆಗಳ ಪೆಟ್ಟಿಗೆಯಲ್ಲಿ ಇಲ್ಲದ್ದು ನಿನಗೆ ಬೇಕಾಗಿಲ್ಲಮ್ಮ. ದೊಡ್ಡ ದೊಡ್ಡ ಎಂಜಿನಿಯರುಗಳು ತಲೆ ಓಡಿಸಿ ಮಾಡಿದ್ದು ಇದು. ನೀನು ಎಡಿಟರಿಗೆ ಕೈ ಹಾಕಿದರೆ ಗ್ಯಾರಂಟಿ ಹೋಯಿತು,” ಅಂದ ಅವನು.

“ಗ್ಯಾರಂಟಿ ಹಾಳಾಗಿ ಹೋಗಲಿ! ಹುಳು ಸತ್ತರೆ ನೀವು ಬಂದು ಜೀವ ತುಂಬುತ್ತೀರಾ?” ಅಂದಳು ಅವಳು.

ಇವಳಿಗೆ ಬಲ್ಲವರ ಮುಂದೆ ತಲೆ ಬಾಗಿ ಗೊತ್ತಿಲ್ಲ ಎಂದು ಬೈಯುತ್ತ ವ್ಯಾಪಾರಿ ಎದ್ದುಹೋದ. ಅವಳು ಎಡಿಟರ್ ತೆರೆದಳು. ಮೊದಲು ‘ನೀರು ಚಿಮುಕಿಸು’ ಬಿಲ್ಲೆಯನ್ನೇ ಬಿಚ್ಚಿ ನೋಡಿದಳು. ಒಳಗೆ ಯಾರೋ ಬರೆದ ಐದು ಸಾಲುಗಳಿದ್ದವು.

“ಅಯ್ಯೋ, ಇಷ್ಟೇನಾ!” ಅಂದಳು.

ಆ ಸಾಲುಗಳನ್ನೇ ನೋಡಿಕೊಂಡು ತನ್ನವನ್ನು ಬರೆದಳು: ನಾನು ಜ್ವರವೆಂದು ಗುರುತು ಹಾಕಿದ ದಿನ ನೀರು ಬೇಡ, ಫ್ಯಾನು ಮಾತ್ರ ತಿರುಗಲಿ. ಮೊದಲ ಸಲ ಎರಡೂ ನಿಂತವು. ಎರಡನೇ ಸಲ ನೀರು ಅವಳ ಮುಖಕ್ಕೇ ಚಿಮ್ಮಿತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಬರೆದಳು. ಕೊನೆಗೆ ಫ್ಯಾನು ತಿರುಗಿತು, ನೀರು ಬರಲಿಲ್ಲ. ಆ ಸಾಲುಗಳನ್ನು ಒಂದು ಖಾಲಿ ಬಿಲ್ಲೆಯೊಳಗಿಟ್ಟು, ‘ಜ್ವರ’ ಎಂದು ಹೆಸರಿಟ್ಟು, ಎಂಜಿನಿಯರುಗಳ ಬಿಲ್ಲೆಗಳ ನಡುವೆ ಕೂಡಿಸಿದಳು. ಹುಳುಗಳು ಮತ್ತೆ ಜ್ವರಕ್ಕೆ ಕೂತವು. ಹಾಸು ಒಣಗಿಯೇ ಇತ್ತು. ಪೊರೆ ಬಿಟ್ಟು ಎದ್ದು, ಸೊಪ್ಪಿಗೆ ಬಾಯಿ ಹಾಕಿದವು.

ಮರಿಬಸವ ಪಟ್ಟು ಬಿಡಲಿಲ್ಲ. “ಹುಳು ಉಳಿದದ್ದು ಸರಿ ಗುರುಗಳೇ. ಆದರೆ ವ್ಯಾಪಾರಿ ಅಂದದ್ದೂ ನಿಜವೇ. ಅವಳಿಗೆ ತಲೆ ಬಾಗಲು ಬರಲಿಲ್ಲ.”

“ಬಾಗಿದಳು ಕಣಯ್ಯಾ,” ಎಂದರು ಗುರುಗಳು, “ಹುಳುವಿನ ಮುಂದೆ.”